ಗಾಜಿನ ಕೆರೆ

ಬೇಸಿಗೆ ಬಲಿತು ಕೆರೆಯ ನೀರು ತೂಬಿನ ಮಟ್ಟಕ್ಕಿಂತ ಕೆಳಗಿಳಿದಾಗ ತಿಪಟೂರು ಸೀಮೆಯ ಕೆರೆಯಂಗಳಗಳಲ್ಲಿ ಒಂದು ಸೋಜಿಗವನ್ನು ಕಾಣಬಹುದು. ನೀರು ಹಿಂದೆ ಸರಿದ ಕೆಸರಿನ ಮೇಲೆ, ಪಂಕ್ತಿಯಲ್ಲಿ ಎಲೆ ಹಾಕಿದಂತೆ, ದುಂಡನೆಯ ತಗ್ಗುಗಳು ಸಾಲುಸಾಲಾಗಿ ಮೂಡಿರುತ್ತವೆ. ಕೆಲವು ಊಟದ ತಟ್ಟೆಯಷ್ಟು ಅಗಲ, ಕೆಲವು ಮೊರದಷ್ಟು. ಒಂದರ ಅಂಚು ಇನ್ನೊಂದರ ಅಂಚಿಗೆ ತಾಗೀತೋ ಇಲ್ಲವೋ ಎನ್ನುವಷ್ಟು ಹತ್ತಿರ. ಆದರೆ ಒಂದು ಇನ್ನೊಂದರೊಳಗೆ ನುಗ್ಗಿರುವುದು ಅಪರೂಪ. ದನ ಕಾಯುವ ಹುಡುಗರು ಇವನ್ನು ಎಮ್ಮೆ ಹೊರಳಿದ ಗುರುತೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಎಮ್ಮೆಗೆ ಇಷ್ಟು ಅಚ್ಚುಕಟ್ಟುತನ ಎಲ್ಲಿಯದು? ಇವು ಮೀನಿನ ಕೈವಾಡ. ಕೈಯಿಲ್ಲದ ಪ್ರಾಣಿಯಾದ್ದರಿಂದ ಬಾಯಿವಾಡ ಎನ್ನಬೇಕೋ ಏನೋ. ನಮ್ಮ ಜನ ಜಿಲೇಬಿ ಎಂದು ಕರೆಯುವ ಮೀನಿನ ಗಂಡುಗಳು ಕೆಸರನ್ನು ಬಾಯಿತುಂಬ ಕಚ್ಚಿ, ಹೊರಗೆ ಒಯ್ದು ಉಗುಳಿ, ಹೀಗೆ ನೂರಾರು ಬಾರಿ ಓಡಾಡಿ ಈ ತಗ್ಗುಗಳನ್ನು ತೋಡಿರುತ್ತವೆ.

ಪ್ರತಿಯೊಂದು ತಗ್ಗೂ ಒಂದು ಗಂಡಿನ ಸ್ವತ್ತು. ನೀರಿದ್ದಾಗ ಅದು ತನ್ನ ತಗ್ಗಿನ ಮೇಲೆ ಕಾವಲು ನಿಂತಿರುತ್ತದೆ. ಎಂದಿನ ಬೂದು ಮೈ ಆಗ ಕಪ್ಪಾಗುತ್ತದೆ, ಬೆನ್ನಿನ ಮತ್ತು ಬಾಲದ ರೆಕ್ಕೆಗಳ ಅಂಚು ಕೆಂಪೇರುತ್ತದೆ. ಪಕ್ಕದ ಗಂಡು ಗಡಿ ದಾಟಿತೆಂದರೆ ಇದು ಬೆನ್ನಿನ ರೆಕ್ಕೆಯನ್ನು ನಿಮಿರಿಸಿ, ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಇರುವುದಕ್ಕಿಂತ ದೊಡ್ಡದಾಗಿ ತೋರುವಂತೆ ಎದುರಿಗೆ ನಿಲ್ಲುತ್ತದೆ. ಬಾಲವನ್ನು ಬೀಸಿ ಎದುರಾಳಿಯ ಮೈಗೆ ನೀರಿನ ಪೆಟ್ಟು ಕೊಡುತ್ತದೆ. ಅಷ್ಟಕ್ಕೂ ತೀರ್ಮಾನವಾಗದಿದ್ದರೆ ಎರಡೂ ಬಾಯಿಗೆ ಬಾಯಿ ಕಚ್ಚಿ ಜಗ್ಗಾಡುತ್ತವೆ. ಕೊನೆಗೆ ಒಂದು ಸೋಲುತ್ತದೆ. ಸೋತದ್ದು ರೆಕ್ಕೆ ಮಡಿಸಿಕೊಂಡು, ಬಣ್ಣ ಕಳೆದುಕೊಂಡು ಓಡುತ್ತದೆ. ಗೆದ್ದದ್ದು ನಾಲ್ಕು ಮಾರು ಅಟ್ಟಿಸಿಕೊಂಡು ಹೋಗಿ, ತನ್ನ ಎಲ್ಲೆ ಮುಗಿದೊಡನೆ ಹಿಂದಿರುಗುತ್ತದೆ. ವ್ಯಾಜ್ಯ ಅಲ್ಲಿಗೆ ಮುಗಿಯಿತು. ಬದುವಿನ ಮೇಲಿನ ಒಂದು ತೆಂಗಿನ ಮರ ಪಕ್ಕದವರ ತೋಟದತ್ತ ಬಾಗಿತೆಂದು ಎರಡು ತಲೆಮಾರು ಮಾತು ಬಿಡುವ ಮನುಷ್ಯರಿಗಿಂತ ಮೀನುಗಳು ಈ ವಿಷಯದಲ್ಲಿ ಹೆಚ್ಚು ಚುರುಕು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಜಗಳದಲ್ಲಿ ಕಚ್ಚಾಟಕ್ಕಿಂತ ಬೆದರಿಕೆಯೇ ಹೆಚ್ಚು, ಮತ್ತು ಜಗಳವನ್ನು ಮುಗಿಸುವುದು ಗೆದ್ದವನ ಬಲವಲ್ಲ, ಸೋತವನ ಓಟ. ಓಡಲು ಕೆರೆಯಲ್ಲಿ ಸ್ಥಳವಿದೆ. ಸೋತ ಮೀನು ಇನ್ನೊಂದು ಮೂಲೆಗೆ ಹೋಗಿ ತನ್ನದೇ ಆದ ತಗ್ಗೊಂದನ್ನು ತೋಡಿಕೊಂಡು ಗೃಹಸ್ಥನಾಗಬಹುದು.

ಜಿಲೇಬಿ ಮೀನು ನಮ್ಮ ಕೆರೆಗಳ ಮೂಲ ನಿವಾಸಿಯಲ್ಲ. ಆಫ್ರಿಕಾ ಖಂಡದ ಆಗ್ನೇಯ ಭಾಗದ ಈ ಮೀನನ್ನು, ಮೊಜಾಂಬಿಕ್ ತಿಲಾಪಿಯಾ ಎಂಬ ಹೆಸರಿನದನ್ನು, 1952ರಲ್ಲಿ ಭಾರತಕ್ಕೆ ತರಲಾಯಿತು. ಬೇಗ ಬೆಳೆಯುತ್ತದೆ, ಯಾವ ನೀರಿನಲ್ಲಾದರೂ ಬದುಕುತ್ತದೆ, ಬಡವರಿಗೆ ಅಗ್ಗದ ಆಹಾರವಾಗುತ್ತದೆ ಎಂಬುದು ತಂದವರ ಎಣಿಕೆ. ಬದುಕುತ್ತದೆ ಎಂಬ ಮಾತು ನಿಜವಾಯಿತು; ಅಗತ್ಯಕ್ಕಿಂತ ಹೆಚ್ಚೇ ನಿಜವಾಯಿತು. ಮೊಟ್ಟೆಯಿಟ್ಟ ಹೆಣ್ಣು ಅವನ್ನು ತನ್ನ ಬಾಯಿಗೆ ತುಂಬಿಕೊಂಡು ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಬಹುಮಟ್ಟಿಗೆ ಉಪವಾಸವಿದ್ದು ಕಾಪಾಡುತ್ತದೆ. ಮರಿಗಳು ಹೊರಗೆ ಬಂದ ಮೇಲೂ ಅಪಾಯದ ನೆರಳು ಕಂಡೊಡನೆ ತಾಯಿಯ ಬಾಯೊಳಗೆ ಓಡಿ ಸೇರಿಕೊಳ್ಳುತ್ತವೆ. ಇಷ್ಟು ಎಚ್ಚರದ ಸಂಸಾರ ಬೆಳೆಯದೆ ಇದ್ದೀತೆ? ಕೆಲವು ನೀರುಗಳಲ್ಲಿ ಅವು ಎಷ್ಟು ಹೆಚ್ಚಿದುವೆಂದರೆ, ಮೇವು ಸಾಲದೆ ಅಂಗೈಯಗಲಕ್ಕಿಂತ ಮೇಲೆ ಬೆಳೆಯುವುದನ್ನೇ ಬಿಟ್ಟುವು.

ಜಿಲೇಬಿಯದು ದೊಡ್ಡ ಮನೆತನ. ವಿಜ್ಞಾನಿಗಳು ಇದನ್ನು ಸಿಕ್ಲಿಡ್ ಕುಟುಂಬವೆಂದು ಕರೆಯುತ್ತಾರೆ. ಇದುವರೆಗೆ ಹೆಸರಿಸಲಾದ ಜಾತಿಗಳೇ ಸುಮಾರು 1,700. ದಕ್ಷಿಣ ಮತ್ತು ಮಧ್ಯ ಅಮೆರಿಕ, ಆಫ್ರಿಕಾ, ಮಡಗಾಸ್ಕರ್ ಇವುಗಳ ಮುಖ್ಯ ನೆಲೆ. ಪೂರ್ವ ಆಫ್ರಿಕಾದ ವಿಕ್ಟೋರಿಯಾ, ಮಲಾವಿ, ಟಾಂಗನಿಕಾ ಎಂಬ ಮೂರು ಮಹಾಸರೋವರಗಳಲ್ಲಿ ಒಂದೊಂದರಲ್ಲೂ ಬೇರೆಲ್ಲೂ ಇಲ್ಲದ ಹತ್ತಾರು, ನೂರಾರು ಜಾತಿಗಳಿವೆ. ಭಾರತದ ಪಾಲಿಗೆ ಬಂದದ್ದು ಮೂರೇ ಮೂರು. ಕೇರಳದವರು ಕರಿಮೀನ್ ಎಂದು ಪ್ರೀತಿಯಿಂದ ತಿನ್ನುವ, 2010ರಲ್ಲಿ ತಮ್ಮ ರಾಜ್ಯದ ಮೀನೆಂದು ಸಾರಿದ ಮುತ್ತಿನ ಚುಕ್ಕೆಯ ಮೀನು ಒಂದು. ಕಿತ್ತಳೆ ಬಣ್ಣದ ಪುಟ್ಟ ಮೀನು ಇನ್ನೊಂದು. ಮೂರನೆಯದು ನಮ್ಮ ಕರಾವಳಿಯ ಕಡೆ ಹರಿಯುವ ಕುಮಾರಧಾರೆಯಂತಹ ಹೊಳೆಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಸಿಗದ ಜಾತಿ. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸ 1877ರಲ್ಲಿ ಇದನ್ನು ವರ್ಣಿಸಿ, ಕನ್ನಡ ಜಿಲ್ಲೆಯ ಹೆಸರು ಸೇರುವಂತೆ ‘ಕೆನರೆನ್ಸಿಸ್’ ಎಂದು ಕರೆದ. ಕನ್ನಡ ನೆಲದ ಹೆಸರನ್ನೇ ಹೊತ್ತ ಈ ಮೀನು ಇಂದು ಅಳಿವಿನ ಭಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ.

ಈ ಕುಟುಂಬದ ಮೀನುಗಳಲ್ಲಿ ಒಂದು ಸಮಾನ ಗುಣವಿದೆ. ಬಹುತೇಕ ಮೀನುಗಳು ನೀರಿನಲ್ಲಿ ಮೊಟ್ಟೆ ಚೆಲ್ಲಿ ಮುಂದೆ ಸಾಗುತ್ತವೆ. ಹುಟ್ಟಿದ್ದು ಬದುಕಿದರೆ ಅದರ ಭಾಗ್ಯ. ಸಿಕ್ಲಿಡ್‌ಗಳು ಹಾಗಲ್ಲ. ತಾಯಿಯೋ ತಂದೆಯೋ, ಎಷ್ಟೋ ಜಾತಿಗಳಲ್ಲಿ ಇಬ್ಬರೂ, ಮೊಟ್ಟೆಯನ್ನೂ ಮರಿಯನ್ನೂ ಕಾಯುತ್ತಾರೆ. ಕಾಯಬೇಕಾದರೆ ಒಂದು ನೆಲೆ ಬೇಕು. ನೆಲೆ ಬೇಕಾದರೆ ಅದಕ್ಕೊಂದು ಗಡಿ ಬೇಕು. ಗಡಿಯಿದ್ದ ಮೇಲೆ ಅದನ್ನು ದಾಟುವವರನ್ನು ಓಡಿಸಬೇಕು. ನಾವು ಯಾವುದನ್ನು ಅವುಗಳ ಕ್ರೌರ್ಯವೆನ್ನುತ್ತೇವೆಯೋ ಅದು ಅವುಗಳ ವಾತ್ಸಲ್ಯದ ಇನ್ನೊಂದು ಮುಖ. ಮಕ್ಕಳನ್ನು ಕಾಯದ ಮೀನಿಗೆ ಇಷ್ಟು ಸಿಟ್ಟಿನ ಅವಶ್ಯಕತೆಯೇ ಇಲ್ಲ.

ಆದರೆ ಇವುಗಳ ಬಣ್ಣಕ್ಕೂ ಬುದ್ಧಿಗೂ ಮರುಳಾದ ಮನುಷ್ಯ ಇವನ್ನು ಹೊಳೆಯಿಂದ ಎತ್ತಿ ಗಾಜಿನ ತೊಟ್ಟಿಗೆ ತಂದ. ಈಗ ಪಟ್ಟಣಗಳ ಬಣ್ಣದ ಮೀನಿನ ಅಂಗಡಿಗಳಲ್ಲಿ ಇವೇ ಮೆರೆಯುತ್ತಿವೆ. ಚಂದ್ರಾಕಾರದ ರೆಕ್ಕೆಯ ಏಂಜೆಲ್, ಒಡೆಯನ ಕೈಯಿಂದಲೇ ಆಹಾರ ತಿನ್ನುವ ಆಸ್ಕರ್, ಮಲಾವಿ ಸರೋವರದ ಹಳದಿ ನೀಲಿ ಮೀನುಗಳು, ಹಣೆಯ ಮೇಲೆ ಗಡ್ಡೆ ಬೆಳೆಸಿಕೊಂಡ ಫ್ಲವರ್‌ಹಾರ್ನ್ — ಎಲ್ಲವೂ ಸಿಕ್ಲಿಡ್‌ಗಳೇ. ಕೊನೆಯದು ಯಾವ ಹೊಳೆಯಲ್ಲೂ ಹುಟ್ಟಿದ್ದಲ್ಲ. ಬೇರೆ ಬೇರೆ ಜಾತಿಗಳನ್ನು ಬೆರೆಸಿ ಮನುಷ್ಯನೇ ಮಾಡಿದ್ದು. ಅದನ್ನು ಮನೆಯಲ್ಲಿಟ್ಟರೆ ಅದೃಷ್ಟ ಬರುತ್ತದೆಂದು ನಂಬುವವರಿದ್ದಾರೆ. ಅಂಗಡಿಯವನಿಗಂತೂ ಬಂದಿರುವುದು ನಿಶ್ಚಯ. ಮಧ್ಯ ಅಮೆರಿಕದ ಮತ್ತೊಂದು ಸಿಕ್ಲಿಡ್‌ಗೆ, 1919ರಿಂದ 1926ರವರೆಗೆ ಮುಷ್ಟಿಯುದ್ಧದ ವಿಶ್ವವಿಜೇತನಾಗಿದ್ದ ಜ್ಯಾಕ್ ಡೆಂಪ್ಸಿಯ ಹೆಸರನ್ನೇ ಇಟ್ಟಿದ್ದಾರೆ. ಸ್ವಭಾವ ತಿಳಿಯಲು ಇಷ್ಟು ಸಾಕು. ಹೆಸರಿಟ್ಟವರು ತಿಳಿದೇ ಇಟ್ಟರು; ಕೊಳ್ಳುವವರು ಮಾತ್ರ ಬಣ್ಣವನ್ನಷ್ಟೇ ನೋಡಿ ಕೊಳ್ಳುತ್ತಾರೆ.

ತಿಪಟೂರು ಪಟ್ಟಣದ ಒಂದು ಮನೆಗೂ ಹೀಗೆಯೇ ಒಂದು ಗಾಜಿನ ತೊಟ್ಟಿ ಬಂದಿತು. ಕೊಬ್ಬರಿ ಹರಾಜಿನಲ್ಲಿ ಬೆಲೆ ಚೆನ್ನಾಗಿ ಸಿಕ್ಕ ಒಂದು ವಾರ, ಬೆಂಗಳೂರಿಗೆ ಹೋಗಿದ್ದ ತಂದೆ ಒಂಬತ್ತನೆಯ ತರಗತಿಯಲ್ಲಿದ್ದ ಮಗನಿಗಾಗಿ ಅದನ್ನು ತಂದರು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಂಠಮಟ್ಟ ತುಂಬಿದರೂ 56 ಲೀಟರು ನೀರು. ನಮ್ಮ ಹೆಂಗಸರ ಲೆಕ್ಕದಲ್ಲಿ ನಾಲ್ಕು ಬಿಂದಿಗೆ. ಅದರೊಳಗೆ ಬೂದು ಮೈಯ ಮೇಲೆ ಕಪ್ಪು ಪಟ್ಟೆಗಳಿದ್ದ, ಎರಡು ಬೆರಳುದ್ದದ ನಾಲ್ಕು ಮರಿ ಮೀನುಗಳು. ಸೆರೆಮನೆಯ ಪಟ್ಟೆಯಂಗಿಯನ್ನು ತೊಟ್ಟಂತೆ ಕಾಣುವುದರಿಂದ ಇವಕ್ಕೆ ಇಂಗ್ಲಿಷಿನಲ್ಲಿ ಕೈದಿ ಎಂಬ ಅರ್ಥದ ಹೆಸರಿದೆ. ಹೆಸರು ಹೊಳೆಯಲ್ಲಿ ಹೇಗೋ, ತೊಟ್ಟಿಯಲ್ಲಿ ಸರಿಯಾಗಿಯೇ ಹೊಂದುತ್ತಿತ್ತು.

ಮೂರು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು. ನಾಲ್ಕೂ ಮೀನುಗಳು ಒಟ್ಟಾಗಿ ತಿಂದುವು, ಒಟ್ಟಾಗಿ ಆಡಿದುವು. ಮರಿಗಳಿಗೆ ಗಡಿಯ ಚಿಂತೆಯಿಲ್ಲ. ಅನಂತರ ಒಂದು ಬೆಳಗ್ಗೆ ಹುಡುಗ ಎದ್ದು ನೋಡಿದಾಗ, ಒಂದು ಮೀನು ರೆಕ್ಕೆಗಳೆಲ್ಲ ಹರಿದು ನೀರಿನ ಮೇಲೆ ತೇಲುತ್ತಿತ್ತು. ಇನ್ನೊಂದು ಗಾಳಿಯ ಕೊಳವೆಯ ಹಿಂದೆ, ನೀರಿನ ಮೇಲ್ಮಟ್ಟದ ಮೂಲೆಯಲ್ಲಿ, ಪಟ್ಟೆಯೆಲ್ಲ ಮಾಸಿ ಓರೆಯಾಗಿ ನಿಂತಿತ್ತು. ಅದು ಒಂದಂಗುಲ ಕೆಳಗಿಳಿದರೆ ಸಾಕು, ಎಲ್ಲಕ್ಕಿಂತ ದೊಡ್ಡದಾದ ಗಂಡು ಬಾಣದಂತೆ ಬಂದು ಹೊಡೆಯುತ್ತಿತ್ತು. ನಾಲ್ಕನೆಯ ಮೀನು, ಹೊಟ್ಟೆಯ ಬದಿಯಲ್ಲಿ ಕಿತ್ತಳೆಯ ಹೊಳಪಿದ್ದ ಪುಟ್ಟ ಹೆಣ್ಣು, ಮೂಲೆಯಲ್ಲಿ ಬೋರಲು ಹಾಕಿದ್ದ ಮಣ್ಣಿನ ಕುಡಿಕೆಯ ಬಾಯಲ್ಲಿ ಏನೂ ತಿಳಿಯದವಳಂತೆ ನಿಂತಿದ್ದಳು. ಹುಡುಗ ಅತ್ತ. ಆಮೇಲೆ ಸಿಟ್ಟಾದ. ಗಂಡನ್ನು ಬಲೆಯಲ್ಲಿ ಹಿಡಿದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡು ಹೊರಟ.

ಜಗಲಿಯ ಮೇಲೆ ಅಜ್ಜ ಕುಳಿತಿದ್ದರು. ತೋಟದಲ್ಲಿಯೇ ತಲೆ ನರೆಸಿಕೊಂಡ ಮನುಷ್ಯ.

“ಎಲ್ಲಿಗೋ ಮಗ, ಬೆಳಬೆಳಗ್ಗೆ?”

“ಕೆರೆಗೆ ಬಿಟ್ಟು ಬರ್ತೀನಿ ತಾತ. ಇದು ಕೊಲೆಗಡುಕ ಮೀನು.”

“ಕೆರೇಲಿರೋ ಮೀನುಗಳು ನಿನಗೇನು ದ್ರೋಹ ಮಾಡಿದ್ವಪ್ಪ?”

ಹುಡುಗನಿಗೆ ಉತ್ತರ ತೋಚಲಿಲ್ಲ. ಅಜ್ಜ ಎದ್ದು ಒಳಗೆ ಬಂದು, ಕನ್ನಡಕವನ್ನು ಹಣೆಯ ಮೇಲಿಂದ ಇಳಿಸಿ, ತೊಟ್ಟಿಯ ಮುಂದೆ ಬಹಳ ಹೊತ್ತು ಕುಳಿತರು. ಕುಡಿಕೆಯ ಒಳಮೈಗೆ ಸಾಬೂದಾನಿಯ ಪುಡಿಯಂತೆ ಏನೋ ಅಂಟಿಕೊಂಡಿದ್ದನ್ನು ಮೊದಲು ಕಂಡವರು ಅವರೇ. “ಮನೇಲಿ ಬಾಣಂತನ ನಡೀತಿದೆ, ನೀನು ಯಜಮಾನನ್ನ ಗಡೀಪಾರು ಮಾಡೋಕೆ ಹೊರಟಿದ್ದೀಯ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಅದು ಹೊಡೆದದ್ದು ಸರಿ. ಹೊಡೆಸಿಕೊಂಡದ್ದು ಓಡಿ ಹೋಗೋಕೆ ಜಾಗ ಎಲ್ಲಿದೆ ತೋರಿಸು. ಒಂದೇ ಗುಣೀಲಿ ನಾಲ್ಕು ತೆಂಗಿನ ಸಸಿ ನೆಟ್ಟು, ಒಂದು ಒಣಗಿತು ಅಂತ ಉಳಿದ ಸಸೀನ ಬೈದರೆ ಆಯ್ತೇ?” ಎಂದರು.

ಮರದಿಂದ ಮರಕ್ಕೆ ಇಪ್ಪತ್ತೈದು ಮೂವತ್ತು ಅಡಿ ಬಿಡುವ ತೋಟಗಾರನ ಮಾತು ಅದು. ಮೀನಿನ ವಿದ್ಯೆಯನ್ನು ಓದದಿದ್ದರೂ ಅಜ್ಜ ಮುಟ್ಟಿದ್ದು ವಿಷಯದ ತಿರುಳನ್ನೇ. ಮಲಾವಿ ಸರೋವರದ ಉದ್ದ 550 ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಸೋತ ಮೀನು ಬಂಡೆಯ ಮಗ್ಗುಲಿಗೆ ತಿರುಗಿದರೆ ಸಾಕು, ಗೆದ್ದದ್ದರ ಕಣ್ಣಿನಿಂದ ಮರೆಯಾಗುತ್ತದೆ. ಎರಡಡಿಯ ತೊಟ್ಟಿಯಲ್ಲಿ ಮರೆಯಾಗಲು ಮೂಲೆಯೇ ಇಲ್ಲ. ಸೋತದ್ದು ರೆಕ್ಕೆ ಮಡಿಸುತ್ತದೆ, ಬಣ್ಣ ಬಿಡುತ್ತದೆ, ಮೀನಿನ ಭಾಷೆಯಲ್ಲಿ ‘ಸೋತೆ’ ಎಂದು ಹೇಳಬಹುದಾದುದನ್ನೆಲ್ಲ ಹೇಳುತ್ತದೆ. ಆದರೆ ಆ ಭಾಷೆಯ ಕೊನೆಯ ಮಾತು ‘ಹೊರಟೆ’ ಎಂಬುದು. ಅದನ್ನು ಹೇಳಲು ಗಾಜು ಬಿಡುವುದಿಲ್ಲ. ಗೆದ್ದ ಮೀನಿಗೆ ಕಾಣುವುದು, ಎಷ್ಟು ಹೇಳಿದರೂ ಎಲ್ಲೆ ಬಿಟ್ಟು ಹೋಗದ ಒಬ್ಬ ಹಟಮಾರಿ. ಆದ್ದರಿಂದ ಅದು ಮತ್ತೆ ಹೊಡೆಯುತ್ತದೆ. ಹೊಳೆಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಯಬೇಕಾಗಿದ್ದ ಬೆದರಿಕೆ ತೊಟ್ಟಿಯಲ್ಲಿ ರಾತ್ರಿಯಿಡೀ ನಡೆದು ಕೊಲೆಯಾಗುತ್ತದೆ.

ಈ ಮೀನುಗಳು ಕುರುಡು ಸಿಟ್ಟಿನವು ಎಂದೂ ಭಾವಿಸಬಾರದು. ಅವುಗಳ ಜಗಳದಲ್ಲಿ ಲೆಕ್ಕಾಚಾರವಿದೆ. ಟಾಂಗನಿಕಾ ಸರೋವರದ ಒಂದು ಸಿಕ್ಲಿಡ್ ಜಾತಿಯ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಬಹಳ ಸ್ವಾರಸ್ಯವಾದದ್ದು. ಐದು ಗಂಡುಗಳಲ್ಲಿ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಹೀಗೆ ಒಂದೊಂದೂ ಮುಂದಿನದನ್ನು ಸೋಲಿಸುವಂತೆ ಏರ್ಪಡಿಸಿ, ಈ ಜಗಳಗಳನ್ನು ಇನ್ನೊಂದು ಗಂಡು ಗಾಜಿನ ಆಚೆಯಿಂದ ನೋಡುವಂತೆ ಮಾಡಿದರು. ಎರಡನೆಯದೂ ನಾಲ್ಕನೆಯದೂ ಎದುರುಬದುರಾದದ್ದನ್ನು ಅದು ಎಂದೂ ಕಂಡಿರಲಿಲ್ಲ. ಆದರೂ ಅವೆರಡರ ನಡುವೆ ಬಿಟ್ಟಾಗ, ಅದು ನಾಲ್ಕನೆಯದರ ಹತ್ತಿರವೇ ಹೆಚ್ಚು ಹೊತ್ತು ಉಳಿಯಿತು. ಯಾರು ದುರ್ಬಲ ಎಂಬುದನ್ನು ತರ್ಕದಿಂದಲೇ ತಿಳಿದುಕೊಂಡಿತ್ತು. ಇದೇ ಜಾತಿಯಲ್ಲಿ ಅಧಿಪತಿಯಾದ ಗಂಡು ಬಣ್ಣಬಣ್ಣವಾಗಿರುತ್ತದೆ, ಅಧೀನವಾದದ್ದು ಬಣ್ಣಗೆಟ್ಟು ಹೆಣ್ಣಿನಂತೆ ಕಾಣುತ್ತದೆ. ಅಧಿಪತಿಯನ್ನು ಎತ್ತಿ ಹೊರಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಅಧೀನನ ಮುಖಕ್ಕೆ ಪಟ್ಟದ ಗೆರೆ ಮೂಡುತ್ತದೆ. ತಿಲಾಪಿಯಾದ ಗಂಡುಗಳು ತಮ್ಮ ಅಂತಸ್ತನ್ನು ನೀರಿನಲ್ಲಿ ಬಿಡುವ ಮೂತ್ರದ ವಾಸನೆಯಿಂದಲೂ ಸಾರುತ್ತವೆ. ಮನುಷ್ಯರು ಇದಕ್ಕಾಗಿ ಅತ್ತರನ್ನು ಬಳಸುತ್ತಾರೆ.

ಅಂದು ಮಧ್ಯಾಹ್ನ ಆ ಮನೆಯಲ್ಲಿ ಎರಡು ತೀರ್ಮಾನಗಳಾದುವು. ಗಂಡನ್ನು ಮರಳಿ ತೊಟ್ಟಿಗೆ ಬಿಡುವುದು. ಮೂಲೆಯಲ್ಲಿ ಸಾಯುತ್ತಿದ್ದ ಮೂರನೆಯ ಮೀನನ್ನು ಬಕೆಟ್ಟಿಗೆ ವರ್ಗಾಯಿಸಿ, ತಂದೆ ಮುಂದಿನ ಬಾರಿ ಹೋದಾಗ ಅಂಗಡಿಗೆ ಹಿಂದಿರುಗಿಸುವುದು. ಕೆರೆಯ ಮಾತು ಮತ್ತೆ ಬರಲಿಲ್ಲ. ಬಂದಿದ್ದರೆ ಅದು ಸಣ್ಣ ಮಾತಾಗುತ್ತಿರಲಿಲ್ಲ. ಒಂದು ಡಬ್ಬಿಯಲ್ಲಿ ಹೋಗುವ ಮೀನಿನಿಂದ ಇಷ್ಟು ದೊಡ್ಡ ಕೆರೆಗೆ ಏನಾದೀತು ಎಂದು ಎಲ್ಲರಿಗೂ ಅನಿಸುತ್ತದೆ. ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಬೇಟೆಗಾರ ಮೀನನ್ನು ಮನುಷ್ಯರೇ ತಂದು ಬಿಟ್ಟರು. ಮೂವತ್ತು ವರ್ಷ ಕಳೆಯುವುದರೊಳಗೆ ಅಲ್ಲಿನ ಸಿಕ್ಲಿಡ್ ಜಾತಿಗಳಲ್ಲಿ ಬಹುಪಾಲು ಕಣ್ಮರೆಯಾದುವು. ಅಲ್ಲಿ ಸಿಕ್ಲಿಡ್‌ಗಳು ಅತಿಥಿಯಿಂದ ಹಾಳಾದುವು. ನಮ್ಮ ಕೆರೆಗಳಲ್ಲಿ ಅವೇ ಅತಿಥಿಗಳು. ಮಲ್ಲಾಘಟ್ಟವಾಗಲಿ, ಬೋರನಕಣಿವೆಯಾಗಲಿ, ತಿಪಟೂರಿನ ಕೆರೆಯಾಗಲಿ ಒಂಟಿಯಾಗಿ ನಿಂತ ನೀರಲ್ಲ. ಕೋಡಿ ಬಿದ್ದಾಗ ಒಂದು ಕೆರೆಯ ನೀರು ಇನ್ನೊಂದಕ್ಕೆ ಹರಿಯುತ್ತದೆ. ಹೇಮಾವತಿಯ ನಾಲೆ ಬಂದ ಮೇಲೆ ಈ ಸಂಬಂಧಗಳು ಇನ್ನೂ ದೂರದವರೆಗೆ ಹಬ್ಬಿವೆ. ನೀರು ಹೋದಲ್ಲಿಗೆ ಮೀನೂ ಹೋಗುತ್ತದೆ. ಜಿಲೇಬಿ ಊರೂರಿಗೆ ಹಬ್ಬಿದ್ದೂ ಕಾಲ್ನಡಿಗೆಯಿಂದಲ್ಲ.

ಮನೆಗೆ ಶಾಂತಿ ಬಂದಿತೆಂದು ಹುಡುಗ ಭಾವಿಸಿದ. ಮೊಟ್ಟೆಗಳು ಮೂರನೆಯ ದಿನ ಬಿಳಿಯ ಬೂಷ್ಟಾಗಿ ಹಾಳಾದುವು. ಮೊದಲ ಸಲದ ಮೊಟ್ಟೆಗಳಿಗೆ ಹೀಗಾಗುವುದು ಸಾಮಾನ್ಯ. ಆಮೇಲಿನ ವಾರ ಗಂಡು ಹೆಣ್ಣನ್ನೇ ಅಟ್ಟಲು ಆರಂಭಿಸಿತು. ನಿನ್ನೆಯವರೆಗೆ ಜೊತೆಯಾಗಿ ಕುಡಿಕೆ ಕಾದ ಸಂಗಾತಿಯ ಬಾಲದ ಅಂಚು ಚಿಂದಿಯಾಯಿತು. ಶತ್ರುಗಳೆಲ್ಲ ಹೋದ ಮೇಲೆ ಈ ಸಿಟ್ಟು ಎಲ್ಲಿಂದ ಬಂದಿತು?

ಇದೇ ಪ್ರಶ್ನೆ ಕೊನ್ರಾಡ್ ಲೊರೆಂಟ್ಸ್ ಎಂಬ ಆಸ್ಟ್ರಿಯಾದ ವಿಜ್ಞಾನಿಯನ್ನೂ ಕಾಡಿತ್ತು. ಪ್ರಾಣಿಗಳ ನಡವಳಿಕೆಯನ್ನು ಕುರಿತ ಶೋಧನೆಗಳಿಗಾಗಿ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಈತ, ಪ್ರಾಣಿಗಳ ಆಕ್ರಮಣ ಪ್ರವೃತ್ತಿಯ ಬಗ್ಗೆ 1963ರಲ್ಲಿ ಬರೆದ ಗ್ರಂಥದಲ್ಲಿ ಸಾಕಿದ ಸಿಕ್ಲಿಡ್‌ಗಳ ಸಂಗತಿಯನ್ನು ಹೇಳುತ್ತಾನೆ. ಒಂದು ಜೋಡಿಯನ್ನು ಒಂಟಿಯಾಗಿ ಇಟ್ಟರೆ ಗಂಡು ಹೆಣ್ಣಿನ ಮೇಲೆ ಬೀಳುತ್ತದೆ. ತೊಟ್ಟಿಯ ನಡುವೆ ಗಾಜಿನ ತೆರೆಯನ್ನಿಟ್ಟು, ಆಚೆ ಇನ್ನೊಂದು ಜೋಡಿಯನ್ನು ಬಿಟ್ಟರೆ ಎರಡು ಸಂಸಾರಗಳೂ ನೆಮ್ಮದಿಯಾಗಿರುತ್ತವೆ. ಗಂಡುಗಳು ಗಾಜಿನ ಮೂಲಕ ಪರಸ್ಪರ ಬೈದಾಡಿಕೊಂಡು ಸಿಟ್ಟನ್ನು ಕಳೆದುಕೊಳ್ಳುತ್ತವೆ. ಆದರೆ ನಡುವಿನ ಗಾಜಿಗೆ ಪಾಚಿ ಕಟ್ಟಿ ಆಚೆಯವರು ಮಸುಕಾದೊಡನೆ ಈಚೆಯ ಹೆಣ್ಣಿಗೆ ಕಷ್ಟಕಾಲ ಆರಂಭವಾಗುತ್ತದೆ. ಗಾಜನ್ನು ಒರೆಸಿದರೆ ಮತ್ತೆ ಸಮಾಧಾನ. ಮೀನಿನ ಮನೆಯ ಮಾತು ಹಾಗಿರಲಿ, ಪಕ್ಕದ ತೋಟದವನೊಡನೆ ಜಗಳವಿಲ್ಲದ ದಿನ ಮನೆಯವರ ಮೇಲೆ ರೇಗುವ ಯಜಮಾನರು ಎಲ್ಲ ಊರುಗಳಲ್ಲೂ ಇದ್ದಾರೆ. ಮೀನನ್ನು ನೋಡಿ ಮನುಷ್ಯನ ಬಗ್ಗೆ ತೀರ್ಪು ಕೊಡುವುದಕ್ಕೆ ಲೊರೆಂಟ್ಸನ ಅನಂತರದ ಎಷ್ಟೋ ವಿದ್ವಾಂಸರು ಒಪ್ಪಿಲ್ಲ, ಒಪ್ಪದಿರುವುದೇ ಸರಿ. ಮೀನಿನ ಬಗ್ಗೆ ಅವನು ಕಂಡದ್ದನ್ನು ಮಾತ್ರ ತೊಟ್ಟಿಯಿಟ್ಟವರು ಇಂದಿಗೂ ಕಾಣುತ್ತಿದ್ದಾರೆ.

ಹುಡುಗ ಮೊದಲು ಒಂದು ಕನ್ನಡಿಯನ್ನು ಗಾಜಿಗೆ ಒರಗಿಸಿ ನೋಡಿದ. ಗಂಡು ತನ್ನ ಬಿಂಬದ ಮೇಲೆ ಯುದ್ಧಕ್ಕೆ ಹೋಗಿ, ಸೋಲನ್ನೂ ಒಪ್ಪದ ಓಡಿಯೂ ಹೋಗದ ಆ ವೈರಿಯೊಡನೆ ಸೆಣಸಿ ಸೆಣಸಿ ಬಳಲಿತು. ಅಜ್ಜ ಕನ್ನಡಿಯನ್ನು ತೆಗೆಸಿದರು. ಆಮೇಲೆ ಅವರಿಗೆ ಹೊಳೆದ ಉಪಾಯ ಆ ಸೀಮೆಗೆ ತಕ್ಕದ್ದು: ತೆಂಗಿನ ಕರಟ.

ಕರಟವೇನೂ ಆ ಮನೆಯಲ್ಲಿ ದುರ್ಲಭವಲ್ಲ. ಅಟ್ಟದ ಮೇಲೆ ವರ್ಷದ ಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು. ಆದರೆ ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯಲು ಕರಟವನ್ನು ಚೂರುಚೂರಾಗಿ ಒಡೆಯಬೇಕಾಗುತ್ತದೆ. ಆ ಚೂರುಗಳು ಒಲೆಗೆ, ಇಲ್ಲವೆ ಇದ್ದಿಲಿಗೆ. ಮೀನಿನ ಮನೆಗೆ ಬೇಕಾದದ್ದು ಅಡುಗೆಯ ಕಾಯಿ ಒಡೆದಾಗ ಸಿಗುವ ಅರ್ಧ ಕರಟ. ಅದರೊಳಗಿನ ಕಾಯಿಯನ್ನು ಚೂರೂ ಉಳಿಯದಂತೆ ಹೆರೆದು ತೆಗೆಯಬೇಕು. ಉಳಿದರೆ ಎಣ್ಣೆ ಬಿಟ್ಟು ನೀರು ಹಳಸುತ್ತದೆ. ನಾರನ್ನು ಉಜ್ಜಿ, ಎರಡು ಮೂರು ಬಾರಿ ನೀರು ಬದಲಾಯಿಸಿ ಕುದಿಸಬೇಕು; ಇಲ್ಲದಿದ್ದರೆ ಒಗರು ಇಳಿದು ತೊಟ್ಟಿಯ ನೀರು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇದು ಅಜ್ಜ ಕಂಡುಹಿಡಿದ ಹೊಸ ವಿದ್ಯೆಯೇನೂ ಅಲ್ಲ. ತೆಂಗಿನ ಮರವನ್ನೇ ಕಾಣದ ಚಳಿಯ ದೇಶಗಳಲ್ಲಿ ಕೂಡ ಮೀನು ಸಾಕುವವರು ಇಂತಹ ಕರಟಗಳನ್ನು ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ.

ಅಜ್ಜ ನಾಲ್ಕು ಕರಟಗಳನ್ನು ಅಣಿಮಾಡಿದರು. ಮೂರನ್ನು ಕಲ್ಲುಗಳ ಜೊತೆಗೆ ತೊಟ್ಟಿಯ ಉದ್ದಕ್ಕೂ ಜೋಡಿಸಿ, ಈ ತುದಿಯಿಂದ ಆ ತುದಿಗೆ ದೃಷ್ಟಿ ಹರಿಯದಂತೆ ಮರೆ ಮಾಡಿದರು. ಕಣ್ಣಿಗೆ ಬೀಳದ ವೈರಿ ಅರ್ಧ ವೈರಿ. ಕಲ್ಲು ಕರಟಗಳ ಸ್ಥಾನ ಬದಲಾದೊಡನೆ ಗಂಡಿಗೆ ತನ್ನ ಹಳೆಯ ಎಲ್ಲೆಯ ಗುರುತು ತಪ್ಪಿತು. ಬಾಂದುಕಲ್ಲು ಕಿತ್ತುಹೋದ ಹೊಲದಲ್ಲಿ ನಿಂತವನಂತೆ ಅದು ಅರ್ಧ ದಿನ ತಬ್ಬಿಬ್ಬಾಗಿ ಸುತ್ತಾಡಿತು. ಹೊಸ ಮೀನನ್ನು ಬಿಡುವ ಮೊದಲು ಅನುಭವಿಗಳು ತೊಟ್ಟಿಯನ್ನು ಹೀಗೆ ಕದಡಿ ಜೋಡಿಸುವುದು ಇದೇ ಕಾರಣಕ್ಕೆ. ಮರೆಗಳಿವೆಯೆಂದು ಆ ತೊಟ್ಟಿಗೆ ಮತ್ತೆರಡು ಮೀನು ತರಬಹುದಿತ್ತೆ ಎಂದರೆ, ಇಲ್ಲ. ಮರಿ ಮಾಡುವ ಜೋಡಿಗೆ ನಾಲ್ಕು ಬಿಂದಿಗೆ ನೀರು ತನಗೇ ಸಾಲದು. ಕರಟದಿಂದ ಸ್ಥಳ ಹೆಚ್ಚುವುದಿಲ್ಲ.

ನಾಲ್ಕನೆಯ ಕರಟದ ಅಂಚಿನಲ್ಲಿ ಅಜ್ಜ ಗರಗಸದಿಂದ ಒಂದು ಬಾಗಿಲನ್ನು ಕೊರೆದರು. ಕೊರೆಯುವ ಮೊದಲು ಹೆಣ್ಣು ಮೀನು ಗಾಜಿನ ಬಳಿಗೆ ಬಂದಾಗ ಅದರ ಮೈಯೆತ್ತರವನ್ನು ತೆಂಗಿನ ಕಡ್ಡಿಯಿಂದ ಅಳೆದುಕೊಂಡಿದ್ದರು. ಬಾಗಿಲು ಆ ಅಳತೆಗಿಂತ ಒಂದು ಎಳ್ಳು ಮಾತ್ರ ದೊಡ್ಡದು. ಈ ಜಾತಿಯಲ್ಲಿ ಗಂಡು ಹೆಣ್ಣಿಗಿಂತ ಸ್ಪಷ್ಟವಾಗಿ ದೊಡ್ಡದಾಗಿರುತ್ತದೆ. ಕರಟವನ್ನು ಬೋರಲಾಗಿ ಮರಳಿನ ಮೇಲಿಟ್ಟ ಮೊದಲ ಸಂಜೆ ಗಂಡು ಅಟ್ಟಿಸಿಕೊಂಡು ಬಂದಾಗ ಹೆಣ್ಣು ಆ ಬಾಗಿಲಲ್ಲಿ ನುಸುಳಿತು. ಗಂಡಿನ ಮೂತಿ ಒಳಗೆ ಹೋಯಿತು, ತಲೆ ಹೋಗಲಿಲ್ಲ. ಅದು ಬಾಗಿಲಲ್ಲಿ ರೆಕ್ಕೆ ಕೆದರಿ ನಿಂತಿತು, ಬಾಲದಿಂದ ಮರಳನ್ನು ಎಬ್ಬಿಸಿತು, ಕೊನೆಗೆ ಬೇಸರ ಬಂದು ಹೊರಟುಹೋಯಿತು. ಓಡುವವನಿಗೆ ಒಂದು ಕೊನೆ ಸಿಕ್ಕಿದ್ದರಿಂದ ಅಟ್ಟುವವನಿಗೂ ಒಂದು ಕೊನೆ ಸಿಕ್ಕಿತು. ಹತ್ತು ದಿನಗಳಲ್ಲಿ ಹೆಣ್ಣಿನ ಬಾಲದ ಅಂಚು ಮತ್ತೆ ಚಿಗುರಿತು.

ಮುಂದಿನ ತಿಂಗಳು ಹೆಣ್ಣು ಕರಟದ ಒಳಮೈಗೆ ಮೊಟ್ಟೆಯಿಟ್ಟಿತು. ಗಂಡು ಹೊರಗೆ ಪಹರೆ ತಿರುಗಿತು. ಒಂದು ವಾರ ಕಳೆದ ಮೇಲೆ, ಶಾಲೆಯಿಂದ ಬಂದ ಹುಡುಗ ಚೀಲವನ್ನೂ ಇಳಿಸದೆ ತೊಟ್ಟಿಯ ಹತ್ತಿರ ಬಗ್ಗಿದ. ಕರಟದ ಬಾಗಿಲಿನಿಂದ ಸಾಸಿವೆಯ ಕಾಳಿಗೆ ಬಾಲ ಬಂದಂತಹ ಮರಿಗಳು ಒಂದು ಮೋಡದಂತೆ ಹೊರಗೆ ಬರುತ್ತಿದ್ದುವು, ಮುಂದೆ ತಾಯಿ. ಅವನು ಇನ್ನೂ ಹತ್ತಿರ ಬಗ್ಗಿ ಮೂಗನ್ನು ಗಾಜಿಗೆ ಒತ್ತಿದ. ಎಲ್ಲಿತ್ತೋ ಗಂಡು, ಕಿವಿರುಗಳನ್ನು ಅಗಲಿಸಿಕೊಂಡು ಅವನ ಮುಖಕ್ಕೇ ನುಗ್ಗಿ, ಗಾಜಿಗೆ ಟಪ್ಪೆಂದು ಬಡಿಯಿತು. ಹುಡುಗ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಮೀನು ಅಲ್ಲಿಯೇ ಒಂದು ಕ್ಷಣ ನಿಂತು ನೋಡಿ, ಹಿಂದಿರುಗಿ ಹೆಣ್ಣಿನ ಮಗ್ಗುಲಿಗೆ ಹೋಗಿ ನಿಂತಿತು.